ಹೊಲದಲ್ಲಿ ನೆಟ್ಟ ಗುರುತು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಅದರ ಮೇಲೆ ಸಿಂಹಾಸನವಿಲ್ಲ, ಛತ್ರಿ ಚಾಮರವಿಲ್ಲ. ಒಂದು ನಾಯಿ ಮತ್ತು ಒಂದು ಕಾಡುಹಂದಿ ಒಂದರ ಮೇಲೊಂದು ಎರಗಿ ಕಾದಾಡುತ್ತಿವೆ. ಅವುಗಳ ಸುತ್ತ ಹಳಗನ್ನಡದ ಅಕ್ಷರಗಳು ತುಂಬಿಕೊಂಡಿವೆ. ಈ ಕಲ್ಲು ಮದ್ದೂರು ತಾಲ್ಲೂಕಿನ ಆತಕೂರಿನದು. ಶಕವರ್ಷ 872, ಅಂದರೆ ಕ್ರಿ.ಶ. 949–50ರಲ್ಲಿ ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದೆ ಇದನ್ನು ನೆಟ್ಟರು. ನಾಯಿಯ ಹೆಸರು ಕಾಳಿ.

ಕಲ್ಲಿನ ಬರಹ ಶುರುವಾಗುವುದು ನಾಯಿಯಿಂದಲ್ಲ, ಒಂದು ಮಹಾಯುದ್ಧದಿಂದ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ, ಕನ್ನಡಿಗರ ಬಾಯಲ್ಲಿ ಕನ್ನರದೇವ, ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಬಿದ್ದ. ತಕ್ಕೋಲ ಈಗಿನ ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿದೆ. ಕನ್ನರನ ಪರವಾಗಿ ಕಾದಿದ ಗಂಗರ ಬೂತುಗ ರಾಜಾದಿತ್ಯನನ್ನು ಕೊಂದ. ಆನೆಯ ಮೇಲಿದ್ದಾಗಲೇ ಸತ್ತವನೆಂದು ರಾಜಾದಿತ್ಯನನ್ನು ತಮಿಳು ಶಾಸನಗಳು ನೆನೆಯುತ್ತವೆ. ಗೆಲುವಿಗೆ ಮೆಚ್ಚಿದ ಕನ್ನರ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ನಾಡುಗಳನ್ನು ಬೂತುಗನಿಗೆ ಕೊಟ್ಟ. ಬೂತುಗನ ಅಂಕಕಾರ, ಅಂದರೆ ಒಡೆಯನ ಪರವಾಗಿ ಅಂಕಕ್ಕಿಳಿಯುವ ಬಂಟ, ಮಣಲೆರ ಎಂಬುವನು. ಬೂತುಗ ಅವನಿಗೆ ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ ಕೊಟ್ಟ. ಬಾಳ್ ಎಂದರೆ ಕತ್ತಿ. ರಕ್ತ ಹತ್ತಿದ ಕತ್ತಿಯನ್ನು ತೊಳೆದದ್ದಕ್ಕೆ ಕೊಡುವ ನೆಲ ಅದು.

ಇಷ್ಟಕ್ಕೆ ಮುಗಿದಿದ್ದರೆ ಇದು ಸಾವಿರ ಶಾಸನಗಳ ಪೈಕಿ ಇನ್ನೊಂದಾಗುತ್ತಿತ್ತು. ಆದರೆ ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳು ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೆಳಲೆನಾಡಿನ ಬೆಳ್ತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ಹಿರಿಯ ಹಂದಿಯ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು. ಅದಕ್ಕೆ ಈ ಕಲ್ಲು, ಕಲ್ಲಿಗೆ ಎರಡು ಕಂಡುಗ ಗದ್ದೆ. ಗುಡಿಯ ಗೊರವ, ಅಂದರೆ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಆ ನಾಯಿಯ ಪಾಪ ತಟ್ಟುತ್ತದೆ ಎಂದು ಬರೆಸಿದರು. ಚಕ್ರವರ್ತಿಗೂ ನಾಯಿಗೂ ಒಂದೇ ಕಲ್ಲಿನಲ್ಲಿ ಜಾಗ ಸಿಕ್ಕಿತು. ಚಿತ್ರ ಮಾತ್ರ ನಾಯಿಯದೇ.

ಬಾದಾಮಿ ಚಾಲುಕ್ಯರ ಲಾಂಛನ ವರಾಹ, ಮುಂದೆ ವಿಜಯನಗರದ ಲಾಂಛನವೂ ವರಾಹ. ಹಾಗೆಂದು ಆತಕೂರಿನ ಹಂದಿಯಲ್ಲಿ ಯಾವ ರಾಜವಂಶದ ಸೋಲನ್ನೂ ಹುಡುಕಬೇಕಾಗಿಲ್ಲ. ಅದು ಬೆಳ್ತೂರಿನ ಗುಡ್ಡದ ಕಾಡುಹಂದಿ. ಕಲ್ಲಿನ ಬೆಲೆ ಇರುವುದೂ ಅಲ್ಲಿಯೇ: ಒಂದು ಊರು ಆ ಗುಡ್ಡದಲ್ಲಿ ನಡೆದದ್ದನ್ನು ತನ್ನ ಗುರುತಾಗಿ ಕೆತ್ತಿಸಿಕೊಂಡಿತು.

ಯುರೋಪಿನಲ್ಲಿ ಊರಿನ ಗುರುತೆಂದರೆ ಗುರಾಣಿಯಾಕಾರದ ಒಂದು ಲಾಂಛನ. ನಾರ್ವೆಯ ಕಡಲಂಚಿನಲ್ಲಿ ಕೆಲವೇ ನೂರು ಜನರಿರುವ ಪುರಸಭೆಗೂ ತನ್ನದೇ ಲಾಂಛನವಿದೆ. ಗುರಾಣಿಯ ಮೇಲೆ ಒಂದು ಚಿತ್ರ, ಎರಡು ಬಣ್ಣ, ಅಷ್ಟೇ. ಮದ್ದೂರು ಇರುವ ಮಂಡ್ಯ ಸೀಮೆಗೆ ಕಡಲಿಲ್ಲ, ಕಾವೇರಿ ಶಿಂಷೆಯರಿದ್ದಾರೆ. ಮದ್ದೂರಿಗೂ ಅದರ ನೆರೆಯ ಮಳವಳ್ಳಿಗೂ ಗುರಾಣಿಯ ಸಂಪ್ರದಾಯ ಇರಲಿಲ್ಲ. ಇಲ್ಲಿ ಗುರುತು ಮೂಡಿದ್ದು ನೆಲದ ಮೇಲೆ, ನೆಟ್ಟ ಕಲ್ಲಿನಲ್ಲಿ.

ಹಳೇ ಮೈಸೂರಿನ ಹೊಲದ ಬದುಗಳ ಮೇಲೆ ನಡೆದವರಿಗೆ ಇದು ಗೊತ್ತು. ಉಳುವಾಗ ನೇಗಿಲಿಗೆ ತಡೆಯುವ ಕಲ್ಲುಗಳಲ್ಲಿ ಕೆಲವಕ್ಕೆ ಮುಖವಿರುತ್ತದೆ. ಕೊಡೆ ಹಿಡಿದು, ಕಮಂಡಲು ಹೊತ್ತು ನಿಂತ ಗಿಡ್ಡ ವಟು ಇದ್ದರೆ ಅದು ವಾಮನಮುದ್ರೆ ಕಲ್ಲು. ಬ್ರಾಹ್ಮಣರಿಗೋ ವಿಷ್ಣು ದೇವಾಲಯಕ್ಕೋ ಬಿಟ್ಟ ಜಮೀನಿನ ಎಲ್ಲೆ. ಲಿಂಗವಿದ್ದರೆ ಲಿಂಗಮುದ್ರೆ, ಶಿವನ ಗುಡಿಯ ನೆಲ. ಮೂರು ಕೊಡೆಗಳಿದ್ದರೆ ಮುಕ್ಕೊಡೆ ಕಲ್ಲು, ಬಸದಿಯ ನೆಲ. ಮೂರು ಹೆಜ್ಜೆಯಲ್ಲಿ ಲೋಕವನ್ನೇ ಅಳೆದವನನ್ನು ಹೊಲದ ಮೂಲೆಯಲ್ಲಿ ಅಳತೆಯ ಕಾವಲಿಗೆ ನಿಲ್ಲಿಸಿದ ಆ ಹಳೆಯ ಬುದ್ಧಿಗೆ ತಲೆದೂಗಬೇಕು. ಅಕ್ಷರ ಬಾರದವನೂ ಈ ಕಲ್ಲುಗಳನ್ನು ಓದುತ್ತಿದ್ದ. ಯಾವ ನೆಲ ಯಾರದು, ಎಲ್ಲಿಂದ ಮುಂದೆ ನೇಗಿಲು ಹೂಡಬಾರದು ಎಂಬುದು ಚಿತ್ರದಲ್ಲೇ ತಿಳಿಯುತ್ತಿತ್ತು. ಶಾಸನದ ಕಲ್ಲಾದರೆ ನೆತ್ತಿಯಲ್ಲಿ ಸೂರ್ಯ ಚಂದ್ರರು. ಅವರಿರುವಷ್ಟು ಕಾಲ ದಾನ ನಡೆಯಲಿ ಎಂದು.

ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನಲ್ಲಿ ಬಂಡೆಯ ಮೇಲೆ ಬಾಹುಬಲಿ ನಿಂತಿದ್ದಾನೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡನ್ನು ಬಿಡಿಸಿಕೊಂಡ ಮೇಲೆ ಈ ಊರನ್ನು, ಅಂದರೆ ತಿಪ್ಪೂರನ್ನು, ದೊರೆಯಿಂದ ಪಡೆದು ಜೈನ ಗುರುವಿಗೆ ದತ್ತಿ ಬಿಟ್ಟ. ಯುದ್ಧ ಗೆದ್ದವನು ನೆಲ ಪಡೆಯುವುದು, ಆ ನೆಲವನ್ನು ತನ್ನ ನಂಬಿಕೆಗೆ ಒಪ್ಪಿಸುವುದು: ಆತಕೂರಿನಲ್ಲಿ ನಾಯಿಯ ಕಲ್ಲಿಗೆ, ತಿಪ್ಪೂರಿನಲ್ಲಿ ಜೈನ ಗುರುವಿಗೆ.

ಅರಸರ ಲಾಂಛನಗಳ ದಾರಿ ಬೇರೆ. ಅವು ಮೇಲಿನಿಂದ ಇಳಿದು ಬಂದವು, ಮುದ್ರೆಯಲ್ಲಿ, ನಾಣ್ಯದಲ್ಲಿ, ಬಾವುಟದಲ್ಲಿ. ತಲಕಾಡಿನಲ್ಲಿ ಕೂತು ಆಳಿದ ಗಂಗರದು ಮದಗಜ. ಅವರ ತಾಮ್ರಶಾಸನಗಳ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ಬೆಸುಗೆಯ ಮೇಲೆ ಆನೆಯ ಮುದ್ರೆ ಒತ್ತುತ್ತಿದ್ದರು. ಒಳಗೆ ರಾಜರ ಹೊಗಳಿಕೆ ಸಂಸ್ಕೃತದಲ್ಲಿ. ದಾನದ ಊರಿನ ಎಲ್ಲೆ ಹೇಳುವ ಜಾಗ ಬಂದಾಗ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಹುಣಸೆಮರ, ಹುತ್ತ, ಕೆರೆಯ ಕೋಡಿ, ದಿಣ್ಣೆಗಳನ್ನು ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ಊರವರಿಗೆ ತಿಳಿಯುತ್ತಿರಲಿಲ್ಲ.

ಆನೆಯ ನಾಡಿಗೆ ಹುಲಿ ಬಂದದ್ದು ಹನ್ನೊಂದನೆಯ ಶತಮಾನದ ಮೊದಲಲ್ಲಿ. ರಾಜಾದಿತ್ಯ ಬಿದ್ದ ಅರ್ಧ ಶತಮಾನದ ಮೇಲೆ ಚೋಳರು ಗಂಗರ ರಾಜಧಾನಿಯನ್ನೇ ಹಿಡಿದರು, ತಲಕಾಡಿಗೆ ರಾಜರಾಜಪುರ ಎಂದು ಹೆಸರಿಟ್ಟರು. ಚೋಳರ ಲಾಂಛನ ಹುಲಿ. 1116ರ ಹೊತ್ತಿಗೆ ವಿಷ್ಣುವರ್ಧನ ಅವರನ್ನು ಓಡಿಸಿ ತಲಕಾಡುಗೊಂಡ ಎಂಬ ಬಿರುದು ಧರಿಸಿದ. ತನ್ನ ಚಿನ್ನದ ನಾಣ್ಯದ ಮೇಲೂ ಆ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ. ಹೊಯ್ಸಳ ಗುಡಿಗಳ ಮುಂದೆ ಹುಲಿಯನ್ನು ಇರಿಯುತ್ತಿರುವ ಸಳನ ಶಿಲ್ಪವನ್ನು ಎಲ್ಲರೂ ಬಲ್ಲರು. ಅದು ಚೋಳರ ಹುಲಿಯನ್ನು ಕೊಂದದ್ದರ ಗುರುತು ಎಂಬ ವಾದ ವಿದ್ವಾಂಸರಲ್ಲಿದೆ. ಅದು ನಿಜವಾದರೆ ಹೊಯ್ಸಳರ ಲಾಂಛನಕ್ಕೆ ಅರ್ಥ ಬಂದದ್ದು ಬೇಲೂರಿನಲ್ಲಲ್ಲ, ಮಳವಳ್ಳಿಯ ನೆರೆಯ ತಲಕಾಡಿನ ಮರಳು ದಂಡೆಯಲ್ಲಿ.

ಹುಲಿ ಮತ್ತೆ ಬಂತು, ಏಳು ಶತಮಾನ ಕಳೆದ ಮೇಲೆ. ಈ ಸಲ ಟಿಪ್ಪು ಸುಲ್ತಾನನ ಬಾವುಟದಲ್ಲಿ, ಸೈನಿಕರ ಉಡುಪಿನ ಪಟ್ಟೆಗಳಲ್ಲಿ, ಫಿರಂಗಿಯ ಬಾಯಲ್ಲಿ. ಆದರೆ ಅವನ ತಾಮ್ರದ ಕಾಸಿನ ಮೇಲೆ ಇದ್ದದ್ದು ಆನೆ! ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ್ದು ಆ ಆನೆ ಕಾಸೇ. ದಂಡಿನಲ್ಲಿ ಹುಲಿ, ಸಂತೆಯಲ್ಲಿ ಆನೆ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆ ಜನರಲ್ ಹ್ಯಾರಿಸ್‌ನ ಸೇನೆಗೆ ಎದುರಾಯಿತು. ಈಸ್ಟ್ ಇಂಡಿಯಾ ಕಂಪನಿಯ ದಂಡು, ಜೊತೆಗೆ ಹೈದರಾಬಾದ್ ನಿಜಾಮನ ದಂಡು. ಎಡಭಾಗಕ್ಕೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಟಿಪ್ಪು ಸೋತು ಹಿಂದೆ ಸರಿದ. ಶತ್ರು ನೇರ ದಾರಿಯಲ್ಲಿ ಬರುತ್ತಾನೆಂದು ಅತ್ತ ಕಡೆಯ ಮೇವನ್ನು ಸುಡಿಸಿದ್ದ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆಯ ಬಳಿ ಕಾವೇರಿ ದಾಟಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕಂಪನಿ ಇದರ ನೆನಪಿಗೆ ಬರ್ಮಿಂಗ್‌ಹ್ಯಾಮಿನ ಟಂಕಸಾಲೆಯಲ್ಲಿ ಪದಕ ಮಾಡಿಸಿತು. ಒಂದು ಬದಿಗೆ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ. ಇನ್ನೊಂದು ಬದಿಗೆ ಹುಲಿಯನ್ನು ಕೆಡವಿ ಮೇಲೆರಗಿದ ಸಿಂಹ. ಅಧಿಕಾರಿಗಳಿಗೆ ಚಿನ್ನ ಬೆಳ್ಳಿಯಲ್ಲಿ, ಸಿಪಾಯಿಗಳಿಗೆ ತವರದಲ್ಲಿ. ಮಳವಳ್ಳಿಯಲ್ಲಿ ಗಾಯಗೊಂಡ ಎಷ್ಟು ಸಿಪಾಯಿಗಳ ಎದೆಯ ಮೇಲೆ ಈ ತವರದ ಸಿಂಹ ತೂಗಾಡಿತೋ! ಮಳವಳ್ಳಿಯ ಊರವರ ಪಾಲಿಗೆ ಬಂದದ್ದು ಸುಟ್ಟ ಮೇವಿನ ಬೂದಿ. ಹುಲಿ ಸಿಂಹಗಳ ಜಗಳದಲ್ಲಿ ಊರಿನ ಚಿತ್ರ ಎಲ್ಲೂ ಇಲ್ಲ.

ಆಮೇಲೆ ಗಂಡಭೇರುಂಡ. ಎರಡು ತಲೆಯ ಈ ಹಕ್ಕಿ ಮೈಸೂರು ಒಡೆಯರ ಸ್ವತ್ತು ಎಂದುಕೊಳ್ಳುವವರು ಬಹಳ. ಅದು ಅವರಿಗಿಂತ ತುಂಬಾ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬ ಈಗಲೂ ಇದೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲೂ ಆ ಹಕ್ಕಿ ಇದೆ. (ಶಿಕಾರಿಪುರ ತಾಲ್ಲೂಕಿನಲ್ಲಿ ಇನ್ನೊಂದು ಮಳವಳ್ಳಿಯೂ ಉಂಟು, ಕದಂಬರ ಕಾಲದ ಪ್ರಾಕೃತ ಶಾಸನವಿರುವ ಕಂಬ ಅಲ್ಲಿಯದು. ಮಂಡ್ಯ ಜಿಲ್ಲೆಯ ಮಳವಳ್ಳಿಯ ಹಿರಿಮೆ ಹೇಳುವ ಉತ್ಸಾಹದಲ್ಲಿ ಆ ಕಂಬವನ್ನು ಇತ್ತ ಎಳೆದು ತರಬಾರದು.) ಮೈಸೂರು ಸಂಸ್ಥಾನದ ಲಾಂಛನದಲ್ಲಿ ಈ ಹಕ್ಕಿಯ ಎರಡು ಬದಿಗೆ ಆನೆಯ ಸೊಂಡಿಲಿನ ಸಿಂಹಗಳು ನಿಂತವು. ಕಾಗದ, ಮುದ್ರೆ, ಕಚೇರಿಯ ಬಾಗಿಲು, ಜವಾನನ ಬಿಲ್ಲೆ ಎಲ್ಲ ಕಡೆಯೂ ಅದೇ. ಕಂದಾಯ ಕಟ್ಟಲು ಹೋದ ಮದ್ದೂರಿನ ರೈತನಿಗೆ ಸರ್ಕಾರ ಎಂದರೆ ಎರಡು ತಲೆಯ ಹಕ್ಕಿ.

ಇಪ್ಪತ್ತನೆಯ ಶತಮಾನದಲ್ಲಿ ಆ ರೈತನ ನೆಲವೇ ಬದಲಾಯಿತು. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕನ್ನಂಬಾಡಿ ಕಟ್ಟೆ ಎದ್ದಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ರಾಗಿಯ ಹೊಲಗಳಿಗೆ ನೀರು ತಂದಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಶುರುವಾಯಿತು. ಕಬ್ಬು ಬಂತು, ಕಬ್ಬಿನ ಜೊತೆ ಕೈಯಲ್ಲಿ ನಾಲ್ಕು ಕಾಸು ಬಂತು, ಮಕ್ಕಳು ಶಾಲೆಗೆ ಹೋದರು. ಅಲ್ಲಿಯವರೆಗೆ ಕಾಂಗ್ರೆಸ್ ಎಂದರೆ ಪಟ್ಟಣದ ವಕೀಲರ ಮಾತು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಸೇರಿದಾಗ ಹಳ್ಳಿಯ ಮುಖಂಡರು, ಒಕ್ಕಲು ಮನೆತನಗಳು ಅದರೊಳಗೆ ಬಂದವು. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಗದೆ ಅವೆರಡರ ನಡುವಿನ ಮದ್ದೂರಿನ ಮಗ್ಗುಲಿಗೆ, ಶಿವಪುರಕ್ಕೆ ಬಂದದ್ದರ ಹಿಂದೆ ಇದೂ ಇದೆ. ಶಿಂಷಾ ದಂಡೆ, ಹೆದ್ದಾರಿಯ ಪಕ್ಕ, ಹತ್ತಿರದಲ್ಲೇ ರೈಲು ನಿಲ್ದಾಣ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರಿಗೂ ಅನುಕೂಲ.

ಅಧಿವೇಶನ 1938ರ ಏಪ್ರಿಲ್ 11ರಿಂದ 13ರವರೆಗೆ. ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯ. ಮದ್ದೂರಿನ ಎಚ್.ಕೆ. ವೀರಣ್ಣಗೌಡರಂಥವರು ಅದರ ಏರ್ಪಾಟಿಗೆ ಹೆಗಲು ಕೊಟ್ಟವರು. ಸಭೆ ಸೇರುವುದಕ್ಕೆ ಸರ್ಕಾರದ ತಕರಾರು ಇದ್ದಂತಿರಲಿಲ್ಲ. ತಕರಾರು ಇದ್ದದ್ದು ಒಂದು ಬಟ್ಟೆಯ ಬಗ್ಗೆ. ಕೇಸರಿ, ಬಿಳಿ, ಹಸಿರು, ನಡುವೆ ಚರಕ. 1931ರಲ್ಲಿ ಕಾಂಗ್ರೆಸ್ ಒಪ್ಪಿಕೊಂಡಿದ್ದ ಬಾವುಟ. ಮಹಾರಾಜರ ಸೀಮೆಯಲ್ಲಿ ಗಂಡಭೇರುಂಡದ ಬಾವುಟವಿರುವಾಗ ಇನ್ನೊಂದು ಬಾವುಟ ಏರಿದರೆ ಅದು ಯಾರ ನೆಲ ಎಂಬ ಪ್ರಶ್ನೆ ಏಳುತ್ತದೆ. ಅಧಿಕಾರಿಗಳು ಧ್ವಜಾರೋಹಣವನ್ನು ನಿಷೇಧಿಸಿದರು.

ಇದನ್ನು ವಾಮನಮುದ್ರೆಯ ಕಲ್ಲು ಕಂಡು ಬೆಳೆದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಹೊಲದಲ್ಲಿ ಒಂದು ಗುರುತು ನೆಡುವುದೆಂದರೆ ನೆಲದ ಒಡೆತನದ ಮಾತು. ಶತಮಾನಗಳ ಕಾಲ ಅರಸ ಕೊಟ್ಟ ಗುರುತನ್ನು ರೈತ ಕಾಯ್ದುಕೊಂಡು ಬಂದಿದ್ದ. ಶಿವಪುರದಲ್ಲಿ ಅರಸನ ಅಪ್ಪಣೆ ಇಲ್ಲದ ಗುರುತೊಂದನ್ನು ಉಳುವ ಹೊಲದಲ್ಲಿ, ಸಾವಿರಾರು ಜನರ ಕಣ್ಣೆದುರು ನೆಡಬೇಕಾಗಿತ್ತು.

ಏಪ್ರಿಲ್ 11ರಂದು ಸಿದ್ಧಲಿಂಗಯ್ಯನವರು ಧ್ವಜ ಏರಿಸಿದರು. ಪೊಲೀಸರು ಅವರನ್ನು ಬಂಧಿಸಿದರು. ಇನ್ನೊಬ್ಬರು ಮುಂದೆ ಬಂದರು, ಅವರನ್ನೂ ಬಂಧಿಸಿದರು. ಒಬ್ಬರ ಹಿಂದೆ ಒಬ್ಬರು. ನಾಯಕರು ಜೈಲಿನತ್ತ ಹೋದಂತೆ ಗುಂಪು ಚದುರಲಿಲ್ಲ, ಸುತ್ತಲಿನ ಹಳ್ಳಿಗಳಿಂದ ಮತ್ತಷ್ಟು ಜನ ಬಂದರು. ಗದ್ದೆ ಕೆಲಸ ಬಿಟ್ಟು ಬಂದವರಲ್ಲಿ ಬಾವುಟವನ್ನು ಮೊದಲ ಸಲ ನೋಡಿದವರೂ ಇದ್ದಿರಬೇಕು. ಚರಕದ ಚಿತ್ರ ಮಾತ್ರ ಅವರಿಗೆ ಹೊಸದಲ್ಲ, ರಾಟೆ ಮನೆಯಲ್ಲಿತ್ತು. ಆನೆ, ಹುಲಿ, ಸಿಂಹ, ಎರಡು ತಲೆಯ ಹಕ್ಕಿಗಳ ನಂತರ ಈ ನೆಲದ ಮೇಲೆ ಹಾರಿದ ಲಾಂಛನದಲ್ಲಿ ಮೊದಲ ಬಾರಿಗೆ ಒಂದು ಮನೆಯ ಸಾಮಾನಿತ್ತು. ಶಿವಪುರದ ಕಥೆಯನ್ನು ಹೇಳುವವರು ಬಂಧನಗಳನ್ನು ಎಣಿಸುತ್ತಾರೆ. ಈ ಚಿತ್ರದ ಬದಲಾವಣೆಯನ್ನೂ ಅಷ್ಟೇ ಗಮನವಿಟ್ಟು ನೋಡಬೇಕು.

ಶಿವಪುರದಿಂದ ಕಿಡಿ ಹಾರಿತು. ಊರೂರಿನಲ್ಲಿ ಧ್ವಜ ಏರಿಸುವ ಸತ್ಯಾಗ್ರಹಗಳಾದವು. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಅದೇ ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜಾತ್ರೆಯ ಜಾಗದಲ್ಲಿ ಹೆಣಗಳು ಬಿದ್ದವು. ದೇಶವೇ ಮೈಸೂರಿನತ್ತ ನೋಡಿತು. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತುಕತೆಯಾಗಿ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ಸಿಕ್ಕಿತು; ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟವೂ ಕಾಂಗ್ರೆಸ್ಸಿನ ಬಾವುಟವೂ ಒಟ್ಟಿಗೆ ಹಾರಬಹುದು ಎಂದಾಯಿತು. ಗಂಡಭೇರುಂಡದ ಪಕ್ಕದಲ್ಲಿ ಚರಕ ನಿಂತಿತು.

ಮರುವರ್ಷ, 1939ರ ಜುಲೈ 1ರಂದು, ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ಹುಟ್ಟಿತು. ಮದ್ದೂರು, ಮಳವಳ್ಳಿ ಅದರ ತಾಲ್ಲೂಕುಗಳಾದವು. ಸ್ವಾತಂತ್ರ್ಯ ಬಂದ ಮೇಲೆ ಚರಕದ ಜಾಗಕ್ಕೆ ಅಶೋಕ ಚಕ್ರ ಬಂತು. ಗಂಡಭೇರುಂಡ ಹೋಗಲಿಲ್ಲ, ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಸಿಂಹಶೀರ್ಷದ ಕೆಳಗೆ, ಸತ್ಯಮೇವ ಜಯತೆಯ ಮೇಲೆ, ಅದೇ ಆನೆಸೊಂಡಿಲಿನ ಸಿಂಹಗಳ ನಡುವೆ ಇವತ್ತಿಗೂ ಇದೆ. ಪಹಣಿ ಪಡೆಯಲು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲುವವರು ದಿನವೂ ಅದನ್ನು ನೋಡುತ್ತಾರೆ. ಹಿಂದೆ ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳು ಮಾಡುತ್ತಿದ್ದ ಕೆಲಸವನ್ನು ಈಗ ಆ ಪಹಣಿ ಕಾಗದ ಮಾಡುತ್ತದೆ. ಕಲ್ಲುಗಳು ಹೊಲದಲ್ಲೇ ಇವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರಿವೆ. ಜೆಸಿಬಿಗೆ ಮುಕ್ಕೊಡೆಯೂ ಒಂದೇ, ಜಲ್ಲಿಕಲ್ಲೂ ಒಂದೇ. ಒಂದು ಊರಿನ ಎಲ್ಲೆಯ ನೆನಪು ಹೀಗೆ ಹೋಗುವುದನ್ನು ನೋಡುವುದು ಸಂಕಟದ ಸಂಗತಿ. ಪಂಚಾಯಿತಿಗಳು ತಮ್ಮ ಹೊಲಗಳ ಮುದ್ರೆಗಲ್ಲುಗಳನ್ನು ಎಣಿಸಿ, ಫೋಟೊ ತೆಗೆದು, ಸರ್ವೆ ನಂಬರಿನ ಸಮೇತ ಬರೆದಿಟ್ಟುಕೊಳ್ಳುವುದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ.

ಶಿವಪುರದಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬದಿಗೆ ಸತ್ಯಾಗ್ರಹ ಸೌಧ ಎದ್ದಿದೆ. ಮದ್ದೂರಿನಲ್ಲಿ ವಡೆಗೆ ನಿಲ್ಲುವ ಪ್ರಯಾಣಿಕರು ಅದನ್ನು ದಾಟಿಯೇ ಹೋಗುತ್ತಾರೆ. ಆತಕೂರಿನ ಕಲ್ಲಿಗೆ ಆ ಭಾಗ್ಯ ಇಲ್ಲ. ಅದು ತಾನು ನಿಂತ ಗುಡಿಯಿಂದ ದೂರ, ನಗರದ ವಸ್ತುಸಂಗ್ರಹಾಲಯದಲ್ಲಿದೆ. ಬಿ.ಎಲ್. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಅಚ್ಚು ಹಾಕಿಸಿದ ಮೇಲೆ ತಕ್ಕೋಲದ ಯುದ್ಧವನ್ನು ಬರೆಯುವ ಯಾವ ಇತಿಹಾಸಕಾರನೂ ಅದನ್ನು ಬಿಡುವಂತಿಲ್ಲ. ಅವರಿಗೆ ಬೇಕಾದ್ದು ಕನ್ನರ, ಬೂತುಗ, ರಾಜಾದಿತ್ಯ. ಶಾಲೆಯ ಮಕ್ಕಳು ಗುಂಪಾಗಿ ಬಂದರೆ ಮಾತ್ರ ಅವರ ಕಣ್ಣು ಮೊದಲು ಹೋಗುವುದು ಮೇಲೆ, ಹಂದಿಯ ಮೇಲೆ ಎರಗಿದ ಕಾಳಿಯತ್ತ. ಮದ್ದೂರು ಎಂದಾದರೂ ತನಗೊಂದು ಲಾಂಛನ ಬೇಕೆಂದು ಹುಡುಕಿದರೆ ಅದನ್ನು ಹೊಸದಾಗಿ ಬರೆಸುವ ಅಗತ್ಯವಿಲ್ಲ. ಅಲ್ಲಿಯ ಕಲ್ಲುಕುಟಿಗನೊಬ್ಬ ಸಾವಿರ ವರ್ಷದ ಹಿಂದೆಯೇ ಅದನ್ನು ಕೆತ್ತಿಟ್ಟಿದ್ದಾನೆ, ಅದರ ಪೂಜೆಗೆಂದು ಎರಡು ಕಂಡುಗ ಗದ್ದೆಯನ್ನೂ ಬಿಟ್ಟಿದ್ದಾರೆ.